ಸಿಡುಬಿನ ಚಿಕಿತ್ಸೆಯೂ ಸ್ತ್ರೀಪುರುಷರ ನಿಶ್ಚಯವೂ

ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ. ವೈದ್ಯ, ಔಷಧದ್ರವ್ಯ, ಉಪಚಾರಕ, ರೋಗಿ ಎಂಬ ಈ ನಾಲ್ಕೂ ತಮ್ಮ ತಮ್ಮ ಗುಣಗಳಿಂದ ಕೂಡಿದ್ದರೆ ರೋಗವು ಶಮನವಾಗುತ್ತದೆಂಬುದು ಶಾಸ್ತ್ರದ ಮತ. ಆದರೆ ಗೃಹಸ್ಥನ ಮನೆಯಲ್ಲಿ ಕಾಯಿಲೆ ಕಾಣಿಸಿಕೊಂಡಾಗ ಈ ನಾಲ್ಕು ಪಾದಗಳು ಕೂಡುವುದಕ್ಕೆ ಮುಂಚೆ ಐದನೆಯದೊಂದು ಬೇಕಾಗುತ್ತದೆ. ವೈದ್ಯನನ್ನು ಕರೆಯಿಸಬೇಕೆ, ಯಾವ ವೈದ್ಯನನ್ನು ಕರೆಯಿಸಬೇಕು, ಅವನು ಹೇಳಿದ ಕ್ರಮವನ್ನು ನಡೆಸಬೇಕೆ, ಇನ್ನೆರಡು ದಿನ ಕಾದು ನೋಡಬೇಕೆ ಎಂಬ ಪ್ರಶ್ನೆಗಳಿಗೆ ಯಾರಾದರೊಬ್ಬರು 'ಆಗಲಿ' ಎಂದೋ 'ಬೇಡ' ಎಂದೋ ಹೇಳಬೇಕು. ಹಾಗೆ ಹೇಳುವವರು ಯಾರು? ಮನೆಯ ಯಜಮಾನನೋ, ರೋಗಿಯ ತಲೆದೆಸೆಯಲ್ಲಿ ರಾತ್ರಿಯೆಲ್ಲ ಎಚ್ಚತ್ತು ಕುಳಿತ ಹೆಂಗಸೋ? ವೈದ್ಯದ ಚರಿತ್ರೆಯನ್ನು ಬರೆದವರು ಔಷಧಗಳ ಶೋಧನೆಯನ್ನೂ ವೈದ್ಯರ ವಾಗ್ವಾದಗಳನ್ನೂ ವಿಸ್ತಾರವಾಗಿ ಬರೆದಿದ್ದಾರೆ. ಈ ಐದನೆಯ ಪಾದವನ್ನು ಕುರಿತು ಬರೆದುದು ಸ್ವಲ್ಪ.

ಈ ವಿಷಯದಲ್ಲಿ ಲೋಕರೂಢಿಯಾದ ಅಭಿಪ್ರಾಯವೊಂದುಂಟು. ಪುರುಷನು ಯುಕ್ತಿಯಿಂದ ನಿಶ್ಚಯಿಸುತ್ತಾನೆ, ಸ್ತ್ರೀಯು ಭಯದಿಂದಲೋ ಮಮತೆಯಿಂದಲೋ ನಿಶ್ಚಯಿಸುತ್ತಾಳೆ ಎಂಬುದೇ ಅದು. ಇದನ್ನು ಪರೀಕ್ಷಿಸುವುದಕ್ಕೆ ಸಿಡುಬಿನ ಚರಿತ್ರೆಯಷ್ಟು ಅನುಕೂಲವಾದ ಚರಿತ್ರೆ ಮತ್ತೊಂದಿಲ್ಲ. ಏಕೆಂದರೆ ಉಳಿದ ಕಾಯಿಲೆಗಳಲ್ಲಿ ನೋವೂ ಜ್ವರವೂ ಮನುಷ್ಯನನ್ನು ಬಲವಂತವಾಗಿ ಔಷಧದ ಕಡೆಗೆ ನೂಕುತ್ತವೆ. ಸಿಡುಬಿನಲ್ಲಾದರೋ, ಆಡಿಕೊಂಡಿರುವ ಆರೋಗ್ಯವಂತ ಮಗುವಿಗೆ ಬೇಕೆಂದೇ ರೋಗವನ್ನು ಅಂಟಿಸಬೇಕಾಗಿತ್ತು. ಮುಂದೆ ಬರಬಹುದಾದ ದೊಡ್ಡ ಅಪಾಯವನ್ನು ತಪ್ಪಿಸುವುದಕ್ಕಾಗಿ ಈಗ ಸಣ್ಣದೊಂದು ಅಪಾಯವನ್ನು ಕೈಯಾರೆ ಬರಮಾಡಿಕೊಳ್ಳುವುದು ಸಾಮಾನ್ಯವಾದ ನಿಶ್ಚಯವಲ್ಲ. ಮಗು ಸತ್ತರೆ ದೇವರು ಕೊಂದನೆಂದು ಸಮಾಧಾನ ಪಡುವಂತಿಲ್ಲ.

ಇಲ್ಲಿ ಎರಡು ವಿಧಾನಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಮೊದಲನೆಯದು, ಸಿಡುಬೆದ್ದವರ ಮೈಯಿಂದಲೇ ಕೀವನ್ನೋ ಹೊಪ್ಪಳೆಯ ಪುಡಿಯನ್ನೋ ತೆಗೆದು, ಆರೋಗ್ಯವಂತರ ತೋಳಿನಲ್ಲಿ ಗೀರಿ ಸೇರಿಸುವುದು. ಇದರಿಂದ ಬರುವುದು ನಿಜವಾದ ಸಿಡುಬೇ. ಆದರೆ ಬಹುಮಟ್ಟಿಗೆ ಸೌಮ್ಯವಾದುದು. ಎರಡನೆಯದು ೧೭೯೬ರಲ್ಲಿ ಎಡ್ವರ್ಡ್ ಜೆನ್ನರನು ಪರೀಕ್ಷಿಸಿದ ಹಸುವಿನ ಸಿಡುಬಿನ ಲಸಿಕೆ. ಕನ್ನಡದಲ್ಲಿ ಇದಕ್ಕೆ 'ದೇವಿ ಹಾಕಿಸುವುದು' ಎಂಬ ಹೆಸರು ಬಿದ್ದಿತು. ರೋಗಕ್ಕೆ 'ಅಮ್ಮ', ರೋಗವನ್ನು ತಡೆಯುವ ಚಿಕಿತ್ಸೆಗೆ 'ದೇವಿ'! ಚಿಕಿತ್ಸೆಯು ಪರದೇಶದಿಂದ ಬಂದರೂ ಅದನ್ನು ಮನೆಯೊಳಕ್ಕೆ ಕರೆದುಕೊಂಡ ಮಾತು ಮನೆಯದೇ ಎಂಬುದನ್ನು ಭಾಷಾಭ್ಯಾಸಿಗಳು ಗಮನಿಸಬಹುದು.

ಕೀವು ಹಾಕಿಸುವ ಪದ್ಧತಿಯು ಇಂಗ್ಲೆಂಡಿನ ವಿದ್ವಾಂಸರಿಗೆ ತಿಳಿಯದೆ ಇರಲಿಲ್ಲ. ಇಮ್ಯಾನುಯೆಲ್ ಟಿಮೋನಿ ಎಂಬ ವೈದ್ಯನು ಕಾನ್‌ಸ್ಟಾಂಟಿನೋಪಲ್ಲಿನಿಂದ ಬರೆದ ವರದಿಯು ೧೭೧೪ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಪಿಲಾರಿನಿ ಎಂಬವನ ವರದಿಯು ೧೭೧೬ರಲ್ಲಿ ಪ್ರಕಟವಾಯಿತು. ವಿದ್ವಾಂಸರು ಓದಿದರು, ಕುತೂಹಲಪಟ್ಟರು, ಸುಮ್ಮನಾದರು. ಲಂಡನ್ನಿನ ವೈದ್ಯರಲ್ಲಿ ಒಬ್ಬನಾದರೂ ಆ ವರದಿಯನ್ನು ನಂಬಿ ತನ್ನ ಮಗುವಿನ ತೋಳನ್ನು ಮುಂದಕ್ಕೆ ಚಾಚಿಸಲಿಲ್ಲ. ಓದಿದ ಸಂಗತಿಗೂ ಮಾಡುವ ಕಾರ್ಯಕ್ಕೂ ನಡುವೆ ಏಳು ವರ್ಷಗಳು ಕಳೆದುವು.

ಆ ನಡುವಿನ ಕಾಲದಲ್ಲಿ ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯು ಎಂಬಾಕೆಯು ತುರ್ಕರ ರಾಜ್ಯದಲ್ಲಿದ್ದಳು. ಆಕೆಯ ಪತಿ ಅಲ್ಲಿಗೆ ಇಂಗ್ಲೆಂಡಿನ ರಾಯಭಾರಿ. ೧೭೧೩ರಲ್ಲಿ ಆಕೆಯ ಒಡಹುಟ್ಟಿದವನು ಸಿಡುಬಿನಿಂದ ಸತ್ತಿದ್ದನು. ೧೭೧೫ರ ಕೊನೆಯಲ್ಲಿ ಅದೇ ರೋಗ ಆಕೆಗೂ ಬಂದು, ಜೀವವುಳಿದರೂ ಮುಖದಲ್ಲಿ ಕಲೆಗಳು ನಿಂತುವು. ಕಣ್ಣಿನ ರೆಪ್ಪೆಗೂದಲು ಹೋಯಿತು. ೧೭೧೭ರ ಏಪ್ರಿಲ್ ತಿಂಗಳಲ್ಲಿ ಏಡ್ರಿಯಾನೋಪಲ್ಲಿನಿಂದ ಗೆಳತಿಯೊಬ್ಬಳಿಗೆ ಬರೆದ ಕಾಗದದಲ್ಲಿ, ಅಲ್ಲಿನ ಮುದುಕಿಯರು ಶರತ್ಕಾಲ ಬಂದೊಡನೆ ಮನೆಮನೆಗೆ ಹೋಗಿ ಕಾಯಿಯ ಚಿಪ್ಪಿನಲ್ಲಿ ತಂದ ಕೀವನ್ನು ಸೂಜಿಯಿಂದ ಹಾಕುವ ಕ್ರಮವನ್ನು ಆಕೆಯು ವಿವರಿಸಿರುವಳು. ಟಿಮೋನಿಯು ಹೇಳಿದುದಕ್ಕೂ ಇದಕ್ಕೂ ಸಂಗತಿಯಲ್ಲಿ ಹೆಚ್ಚು ಭೇದವಿಲ್ಲ. ಭೇದವಿರುವುದು ಮುಂದಿನ ಮಾತಿನಲ್ಲಿ: ತನ್ನ ಮಗನಿಗೆ ಇದನ್ನು ಮಾಡಿಸುವುದಾಗಿ ಆಕೆ ಅಲ್ಲಿಯೇ ತಿಳಿಸಿದ್ದಾಳೆ.

೧೭೧೮ರ ಮಾರ್ಚಿಯಲ್ಲಿ, ಪತಿಯು ಬಳಿಯಲ್ಲಿ ಇಲ್ಲದಿದ್ದಾಗ, ಹಾಗೆಯೇ ಮಾಡಿಸಿದಳು. ರಾಯಭಾರಿಯ ಮನೆಯ ಪಾದ್ರಿಯು ಇದು ಕ್ರೈಸ್ತರಿಗೆ ತಕ್ಕುದಲ್ಲವೆಂದು ಅಡ್ಡಿ ಹೇಳಿದನು. ಗ್ರೀಕ್ ಮುದುಕಿಯೊಬ್ಬಳು ಒಂದು ತೋಳಿಗೂ, ವೈದ್ಯ ಚಾರ್ಲ್ಸ್ ಮೇಟ್ಲಂಡನು ಮತ್ತೊಂದು ತೋಳಿಗೂ ಕೀವನ್ನು ಹಾಕಿದರು. ಕೆಲಸವಾದ ಕೆಲವು ದಿನಗಳ ಮೇಲೆ ಆಕೆ ಪತಿಗೆ ಸುದ್ದಿಯನ್ನು ಬರೆದಳು. ಅದೇ ಕಾಗದದಲ್ಲಿ ಹಸುಗೂಸಾದ ಮಗಳಿಗೆ ಮಾತ್ರ ಹಾಕಿಸಲಾಗದೆಂದೂ, ಮೊಲೆಯೂಡುವ ದಾದಿಗೆ ಹಿಂದೆ ಸಿಡುಬು ಬಂದಿರಲಿಲ್ಲವೆಂಬುದೇ ಅದಕ್ಕೆ ಕಾರಣವೆಂದೂ ತಿಳಿಸಿದಳು. ಈ ಒಂದು ಮಾತು ಇಡೀ ವಿಷಯಕ್ಕೆ ಕೀಲಿಕೈಯಂತಿದೆ. ಮಗುವಿನ ಸಿಡುಬು ದಾದಿಗೆ ಅಂಟುತ್ತದೆ. ದಾದಿಯು ಮಲಗಿದರೆ ಮಗುವಿಗೆ ಹಾಲಿಲ್ಲ. ಸಾಯುವವರು ಒಬ್ಬರಲ್ಲ, ಇಬ್ಬರಾದಾರು. ಇದನ್ನು ಮಮತೆಯೆಂದು ಕರೆಯುವುದೇ, ಲೆಕ್ಕವೆಂದು ಕರೆಯುವುದೇ? ರಾಯಲ್ ಸೊಸೈಟಿಗೆ ಬಂದ ವರದಿಗಳನ್ನು ಓದಿದವರಿಗೆ ಹೊಳೆಯುವ ಲೆಕ್ಕವಲ್ಲ ಇದು. ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ, ಯಾರ ಪಕ್ಕದಲ್ಲಿ ಮಲಗಿಸುತ್ತಾರೆ ಎಂಬುದನ್ನು ಬಲ್ಲವರಿಗೆ ಹೊಳೆಯುವ ಲೆಕ್ಕ.

೧೭೨೧ರಲ್ಲಿ ಲಂಡನ್ನಿನಲ್ಲಿ ಸಿಡುಬು ಹರಡಿದಾಗ ಆಕೆಯು ಮೇಟ್ಲಂಡನನ್ನು ಕರೆಯಿಸಿ ಮಗಳಿಗೂ ಹಾಕಿಸಿದಳು. ಮೇಟ್ಲಂಡನು ಹಿಂಜರಿದನು, ಸಾಕ್ಷಿಗಳಾಗಿ ಬೇರೆ ವೈದ್ಯರು ಬಂದು ನೋಡಬೇಕೆಂದನು. ತುರ್ಕಿಯಲ್ಲಿ ಮುದುಕಿಯ ಸಮಕ್ಷದಲ್ಲಿ ಮಾಡಿದ ಕೆಲಸವನ್ನು ಲಂಡನ್ನಿನಲ್ಲಿ ತನ್ನ ವೃತ್ತಿಯವರ ಸಮಕ್ಷದಲ್ಲಿಯಲ್ಲದೆ ಮಾಡಲು ಅವನಿಗೆ ಧೈರ್ಯವಾಗಲಿಲ್ಲ. ನೋಡಲು ಬಂದ ವೈದ್ಯರಲ್ಲಿ ಜೇಮ್ಸ್ ಕೀತ್ ಎಂಬವನು ಹಿಂದೆ ತನ್ನ ಮಕ್ಕಳನ್ನು ಸಿಡುಬಿಗೆ ಕಳೆದುಕೊಂಡಿದ್ದವನು. ಅವನು ಉಳಿದಿದ್ದ ಮಗನಿಗೆ ಒಡನೆಯೇ ಕೀವು ಹಾಕಿಸಿದನು. ಕೀತನನ್ನು ಮರೆಯಬಾರದು. ತಲೆದೆಸೆಯಲ್ಲಿ ಕುಳಿತು ಮಗುವನ್ನು ಕಳೆದುಕೊಂಡ ಗಂಡಸು ನಿಶ್ಚಯಿಸಿದ ರೀತಿಗೂ ಲೇಡಿ ಮೇರಿಯು ನಿಶ್ಚಯಿಸಿದ ರೀತಿಗೂ ಅಂತರವಿಲ್ಲ. ಅಂತರವನ್ನು ಮಾಡುವುದು ಲಿಂಗಕ್ಕಿಂತ ಹೆಚ್ಚಾಗಿ ಸ್ಥಾನ. ಆದರೆ ಆ ಸ್ಥಾನವನ್ನು ಲೋಕವು ಬಹುಮಟ್ಟಿಗೆ ಹೆಂಗಸಿಗೇ ಕೊಟ್ಟಿತ್ತು.

ಮರುವರ್ಷ ಎದ್ದ ವಾಗ್ವಾದವು ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ೧೭೨೨ರಲ್ಲಿ ವಿಲಿಯಂ ವ್ಯಾಗ್‌ಸ್ಟಾಫ್ ಎಂಬ ವೈದ್ಯನು ಈ ಪದ್ಧತಿಯನ್ನು ಖಂಡಿಸಿ ಬರೆದಾಗ, ಅವನು ಎತ್ತಿದ ಆಕ್ಷೇಪಣೆಗಳಲ್ಲಿ ಒಂದು ಇದು ಅಕ್ಷರವರಿಯದ ಜನರ ನಡುವೆ ಕೆಲವರು ತಿಳಿಯದ ಹೆಂಗಸರು ನಡೆಸಿಕೊಂಡು ಬಂದುದೆಂಬುದಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಂಡನ್ನಿನ ವೃತ್ತಪತ್ರಿಕೆಯೊಂದರಲ್ಲಿ, ತುರ್ಕಿ ದೇಶದೊಡನೆ ವ್ಯಾಪಾರ ಮಾಡುವ ವರ್ತಕನೊಬ್ಬನ ಹೆಸರಿನಲ್ಲಿ ಲೇಖನವೊಂದು ಬಂದಿತು. ವೈದ್ಯರು ತೋಳನ್ನು ಬೇಕಿಲ್ಲದಷ್ಟು ಆಳವಾಗಿ ಕೊಯ್ಯುವುದೂ, ಭೇದಿಗೆ ಕೊಟ್ಟು ರಕ್ತ ತೆಗೆದು ಮಕ್ಕಳನ್ನು ಮೊದಲೇ ಬಡವಾಗಿಸುವುದೂ ತಪ್ಪೆಂದು ಅದರಲ್ಲಿ ವಾದಿಸಿತ್ತು. ಆ ವರ್ತಕನು ಬೇರೆ ಯಾರೂ ಅಲ್ಲ, ಲೇಡಿ ಮೇರಿಯೇ. ತನ್ನ ಮಗನ ಮೇಲೂ ಮಗಳ ಮೇಲೂ ಪ್ರತ್ಯಕ್ಷವಾಗಿ ಕಂಡುದನ್ನು ಹೇಳುವುದಕ್ಕೆ ಆಕೆಯು ಗಂಡಸಿನ ವೇಷವನ್ನು ಹಾಕಬೇಕಾಯಿತು. ಆಕೆಯ ಮಾತು ಸರಿಯಾಗಿತ್ತೆಂಬುದನ್ನು ಮುಂದಿನ ಚರಿತ್ರೆ ತೋರಿಸುತ್ತದೆ: ಶತಮಾನದ ಉತ್ತರಾರ್ಧದಲ್ಲಿ ಸಟನ್ ಎಂಬ ಮನೆತನದವರೂ ಥಾಮಸ್ ಡಿಮ್ಸ್‌ಡೇಲನೂ ಆಳವಾದ ಕೊಯ್ತವನ್ನು ಬಿಟ್ಟು ಚರ್ಮವನ್ನು ಮಾತ್ರ ಚುಚ್ಚುವ ಕ್ರಮಕ್ಕೆ ಹಿಂದಿರುಗಿ ಕೀರ್ತಿ ಪಡೆದರು.

ಇನ್ನು ರಾಜಮನೆತನದ ಸಂಗತಿ. ವೇಲ್ಸಿನ ರಾಜಕುಮಾರನ ಪತ್ನಿ ಕ್ಯಾರೊಲೀನಳು ತನ್ನ ಹೆಣ್ಣುಮಕ್ಕಳಿಬ್ಬರಿಗೆ ೧೭೨೨ರ ಏಪ್ರಿಲಿನಲ್ಲಿ ಕೀವು ಹಾಕಿಸಿದಳು. ಅದಕ್ಕೆ ಮುನ್ನ ಹಿಂದಿನ ವರ್ಷದ ಆಗಸ್ಟಿನಲ್ಲಿ ನ್ಯೂಗೇಟಿನ ಸೆರೆಮನೆಯ ಆರು ಮಂದಿ ಕೈದಿಗಳ ಮೇಲೆ ಪರೀಕ್ಷೆ ನಡೆದಿತ್ತು. ಅವರಲ್ಲಿ ಮೂವರು ಗಂಡಸರು, ಮೂವರು ಹೆಂಗಸರು. ಮರಣದಂಡನೆ ತಪ್ಪುವುದೆಂಬ ಆಸೆಯಿಂದ ಒಪ್ಪಿದವರು. ಆಮೇಲೆ ಅನಾಥ ಮಕ್ಕಳ ಸರದಿ ಬಂದಿತು. ಅಷ್ಟಾದ ಬಳಿಕ ಕ್ಯಾರೊಲೀನಳು ಆಸ್ಥಾನವೈದ್ಯನಾದ ಹ್ಯಾನ್ಸ್ ಸ್ಲೋನನ ಅಭಿಪ್ರಾಯವನ್ನು ಕೇಳಿದಳು. ಸ್ಲೋನನು ಮಾಡಿಸಬೇಡಿರೆಂದೂ ಹೇಳಲಿಲ್ಲ, ಮಾಡಿಸಿರೆಂದೂ ಹೇಳಲಿಲ್ಲ. ರಾಜವಂಶದ ಮಕ್ಕಳ ವಿಷಯದಲ್ಲಿ ಆ ಭಾರವನ್ನು ತಲೆಯ ಮೇಲೆ ಹೊರಲು ಅವನಿಗೆ ಮನಸ್ಸಾಗಲಿಲ್ಲ. ನಿಶ್ಚಯವನ್ನು ತಾಯಿಯೇ ಮಾಡಿದಳು. ಆದರೆ ಮಾವನಾದ ದೊರೆ ಮೊದಲನೆಯ ಜಾರ್ಜನ ಅನುಮತಿ ಬೇಕಾಗಿತ್ತು. ಅದನ್ನು ಸ್ಲೋನನೇ ಹೋಗಿ ಪಡೆದನು. ಪಟ್ಟಕ್ಕೆ ಬರಬೇಕಾದ ಹಿರಿಯ ಮೊಮ್ಮಗ ಫ್ರೆಡರಿಕನು ಹ್ಯಾನೋವರಿನಲ್ಲಿದ್ದನು. ಅವನಿಗೆ ಕೀವು ಹಾಕಿಸಿದುದು ೧೭೨೪ರಲ್ಲಿ. ಕೈದಿಗಳು, ಅನಾಥರು, ಹೆಣ್ಣುಮಕ್ಕಳು, ಕೊನೆಗೆ ಪಟ್ಟದ ಕುಮಾರ ಎಂಬ ಈ ಸಾಲನ್ನು ಯಾರೊಬ್ಬರೂ ಕುಳಿತು ಯೋಜಿಸಿದುದಲ್ಲವಾದರೂ, ಅದರ ಕ್ರಮವು ತಾನೇ ಮಾತಾಡುತ್ತದೆ.

ಇದೇ ಕಾಲದಲ್ಲಿ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾದ ಜೇಮ್ಸ್ ಜೂರಿನನು ಅಂಕಿಗಳನ್ನು ಕೂಡಿಸತೊಡಗಿದನು. ತಾನಾಗಿ ಬಂದ ಸಿಡುಬಿನಿಂದ ಐದಾರು ರೋಗಿಗಳಲ್ಲಿ ಒಬ್ಬರು ಸಾಯುತ್ತಾರೆ, ಹಾಕಿಸಿಕೊಂಡವರಲ್ಲಿ ಸುಮಾರು ಐವತ್ತಕ್ಕೆ ಒಬ್ಬರು ಸಾಯುತ್ತಾರೆ ಎಂಬುದು ಅವನ ಗಣನೆಯ ಫಲ. ಚಿಕಿತ್ಸೆಯ ಗುಣದೋಷವನ್ನು ಸಂಖ್ಯೆಯಿಂದ ತೂಗಿ ನೋಡುವ ಶಾಸ್ತ್ರಕ್ಕೆ ಇದು ನಾಂದಿಯಾಯಿತು. ಇದರ ಮಹತ್ತ್ವವನ್ನು ಕುಗ್ಗಿಸಿ ಹೇಳುವುದು ಸಲ್ಲದು. ಆದರೂ ತಾಯಿಯ ಮುಂದಿದ್ದ ಪ್ರಶ್ನೆಯು ಐವತ್ತರದಲ್ಲ, ಒಂದರದು. ಐವತ್ತರಲ್ಲಿ ಒಬ್ಬರು ಎಂದ ಮಾತ್ರಕ್ಕೆ ಆ ಒಬ್ಬರು ಯಾರೆಂದು ಗಣಿತವು ಹೇಳಲಾರದು.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನನು ಈ ಸಂಕಟವನ್ನು ಅನುಭವಿಸಿದವನು. ನಾಲ್ಕು ವರ್ಷದ ಅವನ ಮಗನು ೧೭೩೬ರಲ್ಲಿ ಸಿಡುಬಿನಿಂದ ಸತ್ತನು. ಕೀವು ಹಾಕಿಸದೆ ಹೋದುದಕ್ಕಾಗಿ ಬಹಳ ಕಾಲ ಪರಿತಪಿಸಿದುದಾಗಿ ಅವನು ಆತ್ಮಚರಿತ್ರೆಯಲ್ಲಿ ಒಪ್ಪಿಕೊಂಡಿದ್ದಾನೆ. ೧೭೫೯ರಲ್ಲಿ ಈ ಚಿಕಿತ್ಸೆಯ ಪ್ರಚಾರಕ್ಕಾಗಿ ಲಂಡನ್ನಿನಲ್ಲಿ ಅಚ್ಚಾದ ಕಿರುಹೊತ್ತಗೆಯಲ್ಲಿ ಅವನು, ಪದ್ಧತಿಯು ನಿಧಾನವಾಗಿ ಹರಡುವುದಕ್ಕೆ ಮತದ ಸಂಶಯವಲ್ಲದೆ ಬೇರೊಂದು ಕಾರಣವನ್ನೂ ಕೊಟ್ಟಿದ್ದಾನೆ. ತಂದೆತಾಯಿಗಳಲ್ಲಿ ಒಬ್ಬರು ಬೇಡವೆಂದರೆ, ಅಥವಾ ಹತ್ತಿರದ ನೆಂಟರು ವಿರೋಧಿಸಿದರೆ, ಮತ್ತೊಬ್ಬರು ಮಾಡಿಸಲು ಮುಂದಾಗುವುದಿಲ್ಲ. ಕೆಟ್ಟುದಾದರೆ ಜೀವಮಾನವೆಲ್ಲ ನಿಂದೆಗೆ ಗುರಿಯಾಗಬೇಕಲ್ಲ ಎಂಬ ಭಯ. ಸ್ತ್ರೀಯು ಹೆದರುತ್ತಾಳೆ, ಪುರುಷನು ಹೆದರುವುದಿಲ್ಲ ಎಂಬ ವಿಭಾಗವನ್ನು ಅವನು ಮಾಡಲಿಲ್ಲ. ಇಬ್ಬರೂ ರೋಗಕ್ಕೆ ಹೆದರಿದಷ್ಟೇ ಪರಸ್ಪರ ನಿಂದೆಗೂ ಹೆದರುತ್ತಾರೆಂಬುದನ್ನು ಕಂಡುಕೊಂಡನು. ದಾಂಪತ್ಯದಲ್ಲಿ 'ಬೇಡ' ಎಂಬ ಒಂದು ಮಾತಿಗೆ 'ಆಗಲಿ' ಎಂಬ ಮಾತಿಗಿಂತ ಬಲ ಹೆಚ್ಚು.

ಫ್ರಾಂಕ್ಲಿನನ ಈ ಮಾತನ್ನು ಹಿಡಿದುಕೊಂಡು ನೋಡಿದರೆ, ಅನೇಕ ಮನೆಗಳಲ್ಲಿ ನಿಶ್ಚಯವು ಆದುದು ಒಬ್ಬರು ಇಲ್ಲದಾಗ ಅಥವಾ ಒಬ್ಬರಿಗೆ ತಿಳಿಯದಂತೆ ಎಂಬುದು ಆಶ್ಚರ್ಯವಾಗಿ ತೋರುವುದಿಲ್ಲ. ಜಾರ್ಜ್ ವಾಷಿಂಗ್‌ಟನ್ನನು ೧೭೭೧ರಲ್ಲಿ ತನ್ನ ಮಲಮಗನಿಗೆ ಬಾಲ್ಟಿಮೋರಿನಲ್ಲಿ ಕೀವು ಹಾಕಿಸಿದಾಗ, ಹುಡುಗನು ಗುಣಹೊಂದುವವರೆಗೆ ಪತ್ನಿ ಮಾರ್ಥಳಿಗೆ ತಿಳಿಯದಂತೆ ಕಾಗದಗಳನ್ನು ಬೇರೆಯವರ ಮೂಲಕ ತರಿಸಿಕೊಳ್ಳುವ ಏರ್ಪಾಡು ಮಾಡಿದನು. ಇದನ್ನು ಬರಿಯ ಮೋಸವೆಂದು ತಿಳಿಯಬಾರದು. ತನಗೆ ತಿಳಿಯದೆಯೇ ಈ ಕೆಲಸ ಆಗಿ ಮುಗಿದುಹೋದರೆ ಒಳ್ಳೆಯದೆಂದು, ಕಾದು ಕುಳಿತಿರುವ ಯಾತನೆಯಾದರೂ ತಪ್ಪುವುದೆಂದು ಆಕೆಯೇ ಎಷ್ಟೋ ಸಲ ಹೇಳಿದ್ದುದಾಗಿ ವಾಷಿಂಗ್‌ಟನ್ನನು ಬರೆದಿದ್ದಾನೆ. ಮಾರ್ಥಳು ಚಿಕಿತ್ಸೆಯನ್ನು ಬೇಡವೆನ್ನಲಿಲ್ಲ. ನಿಶ್ಚಯದ ಭಾರವನ್ನು ಬೇಡವೆಂದಳು. ತನ್ನ ವಿಷಯದಲ್ಲಾದರೋ ೧೭೭೬ರಲ್ಲಿ ಫಿಲಡೆಲ್ಫಿಯದಲ್ಲಿ ಆಕೆಯೇ ತೋಳನ್ನು ಒಡ್ಡಿದಳು.

ಅದೇ ವರ್ಷದ ಜುಲೈ ತಿಂಗಳಲ್ಲಿ ಅಬಿಗೇಲ್ ಆಡಮ್ಸಳು ನಾಲ್ವರು ಮಕ್ಕಳನ್ನು ಕರೆದುಕೊಂಡು ಬಾಸ್ಟನ್ ನಗರಕ್ಕೆ ಹೋಗಿ ತಾನೂ ಹಾಕಿಸಿಕೊಂಡಳು, ಅವರಿಗೂ ಹಾಕಿಸಿದಳು. ಪತಿ ಜಾನ್ ಆಡಮ್ಸನು ಫಿಲಡೆಲ್ಫಿಯದಲ್ಲಿ ಸ್ವಾತಂತ್ರ್ಯದ ಘೋಷಣೆಯಲ್ಲಿ ಮಗ್ನನಾಗಿದ್ದನು. ಅವನು ಬರುವವರೆಗೆ ಕಾದರೆ ಅವಕಾಶ ತಪ್ಪುತ್ತಿತ್ತು. ಚಾರ್ಲ್ಸ್ ಎಂಬ ಮಗನಿಗೆ ಮೊದಲು ಹಾಕಿದುದು ಹತ್ತದೆ, ಕೊನೆಗೆ ರೋಗವು ಕಠಿನವಾಗಿ ಏರಿತು. ಆದರೆ ನಾಲ್ವರೂ ಉಳಿದರು. ಘೋಷಣೆಯನ್ನು ಬಾಸ್ಟನ್ನಿನ ಸಭಾಭವನದ ಮೊಗಸಾಲೆಯಿಂದ ಓದಿದ ಜುಲೈ ೧೮ರಂದು ಕೇಳಲು ನೆರೆದ ಗುಂಪಿನಲ್ಲಿ ಆಕೆಯೂ ಇದ್ದಳು, ಕೀವು ಹಾಕಿಸಿಕೊಂಡು ವಾರವೂ ಕಳೆದಿರಲಿಲ್ಲ.

ಪ್ರಭುತ್ವವೇ ಸ್ತ್ರೀಯ ಕೈಯಲ್ಲಿದ್ದಾಗ ಆಸ್ಥಾನದ ಪುರುಷರ ಎಚ್ಚರಿಕೆಯ ಮಾತುಗಳು ನಿಲ್ಲಲಿಲ್ಲ. ಆಸ್ಟ್ರಿಯದ ಮರಿಯ ತೆರೇಸಳು ೧೭೬೭ರಲ್ಲಿ ಸೊಸೆಯನ್ನೂ ಮದುವೆ ನಿಶ್ಚಯವಾಗಿದ್ದ ಮಗಳನ್ನೂ ಸಿಡುಬಿಗೆ ಕಳೆದುಕೊಂಡು, ತಾನೂ ರೋಗದಿಂದ ಮಲಗಿ ಎದ್ದಳು. ವಿಯೆನ್ನದ ಪ್ರಸಿದ್ಧ ವೈದ್ಯ ಡಿ ಹೇನನು ಕೀವು ಹಾಕುವುದರ ಬದ್ಧವಿರೋಧಿಯಾಗಿದ್ದರೂ, ಮರುವರ್ಷ ಇಂಗೆನ್‌ಹೌಸನನ್ನು ಬರಮಾಡಿಕೊಂಡು ಮಕ್ಕಳಿಗೆ ಹಾಕಿಸಿದಳು. ರಷ್ಯದ ಎರಡನೆಯ ಕ್ಯಾಥರೀನಳು ಅದೇ ೧೭೬೮ರಲ್ಲಿ ಡಿಮ್ಸ್‌ಡೇಲನಿಂದ ಮೊದಲು ತಾನೇ ಹಾಕಿಸಿಕೊಂಡು, ಆಮೇಲೆ ಮಗನಿಗೆ ಹಾಕಿಸಿದಳು. ಇಂತಹ ಸಾಹಸಕ್ಕೆ ಇಳಿಯಬಾರದಾಗಿತ್ತೆಂದು ಆಕ್ಷೇಪಿಸಿದವನು ರಣರಂಗಗಳಲ್ಲಿ ಹೆಸರಾದ ಪ್ರಷ್ಯದ ಫ್ರೆಡರಿಕ್ ದೊರೆ. ಯುದ್ಧದ ಅಪಾಯವನ್ನು ಬಲ್ಲ ದೊರೆಗೆ ಸೂಜಿಯ ಅಪಾಯವು ದೊಡ್ಡದಾಗಿ ಕಂಡಿತು!

ಕನ್ನಡ ನಾಡಿನ ಸಂಗತಿಗೆ ಬರುವ ಮುನ್ನ ವಂಗದೇಶದ ಟೀಕಾದಾರರನ್ನು ಕುರಿತು ಒಂದು ಮಾತು ಹೇಳಬೇಕು. ಇಂಗ್ಲಿಷ್ ಕಂಪೆನಿಯ ವೈದ್ಯನಾಗಿದ್ದ ಹಾಲ್ವೆಲನು ೧೭೬೭ರಲ್ಲಿ ಪ್ರಕಟಿಸಿದ ವರ್ಣನೆಯಂತೆ, ಅಲ್ಲಿ ಕೀವು ಹಾಕುವ ಬ್ರಾಹ್ಮಣರು ಹಾಕುವುದಕ್ಕೆ ಒಂದು ತಿಂಗಳು ಮುಂಚಿನಿಂದ ಮೀನು, ಹಾಲು, ತುಪ್ಪಗಳನ್ನು ಬಿಡಬೇಕೆಂದು ವಿಧಿಸುತ್ತಿದ್ದರು. ಗಂಡುಮಕ್ಕಳಿಗೆ ಮೊಳಕೈಯ ಕೆಳಗೂ ಹೆಣ್ಣುಮಕ್ಕಳಿಗೆ ಮೊಳಕೈಯ ಮೇಲೂ ಗೀರುವುದು ಅವರ ವಾಡಿಕೆ. ಮಗುವಿನ ಮೈಮೇಲೆ ಎಷ್ಟು ಗುಳ್ಳೆಗಳು ಏಳಬೇಕೆಂದು ತಂದೆತಾಯಿಗಳನ್ನೇ ಕೇಳುತ್ತಿದ್ದರಂತೆ. ಹಾಲ್ವೆಲನಿಗೆ ಈ ಪ್ರಶ್ನೆಯು ವಿಚಿತ್ರವಾಗಿ ಕಂಡಿತು. ಆದರೆ ಮನೆಯವರನ್ನು ಕೇಳಿ ಮಾಡುವ ಕ್ರಮವೆಂದು ತಿಳಿದರೆ ಅದರ ಅರ್ಥವಾದೀತು. ಪಥ್ಯವು ಅಡಿಗೆಮನೆಯ ಕೆಲಸ, ಪೂಜೆಯು ಮನೆಯ ಕೆಲಸ. ಟೀಕಾದಾರನು ಮನೆಯಲ್ಲಿ ನಡೆದಿದ್ದ ವಿಧಿಗಳ ಸಾಲಿಗೆ ಇನ್ನೊಂದನ್ನು ಸೇರಿಸುತ್ತಿದ್ದನು. ಹೀಗಾಗಿ ಆ ನಿಶ್ಚಯದಲ್ಲಿ ಹೆಂಗಸಿನ ಪಾಲು ಸಹಜವಾಗಿ ದೊರಕುತ್ತಿತ್ತು. ಕಲ್ಕತ್ತೆಯಲ್ಲಿ ೧೮೬೫ರಲ್ಲಿ ಈ ವೃತ್ತಿಯನ್ನು ಕಾಯಿದೆಯಿಂದ ನಿಷೇಧಿಸಿದರು.

ಜೆನ್ನರನ ಲಸಿಕೆಯು ಬಾಗ್ದಾದು, ಬಸ್ರಗಳ ಮಾರ್ಗವಾಗಿ ಮುಂಬಯಿಗೆ ಬಂದುದು ೧೮೦೨ರಲ್ಲಿ. ಜೂನ್ ೧೪ರಂದು ಆನಾ ಡಸ್ತಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನಲ್ಲಿ ಅದು ಹತ್ತಿತು. ಆ ತೋಳಿನಿಂದಲೇ ಹಿಂದೂಸ್ಥಾನದ ಇತರ ಸ್ಥಳಗಳಿಗೆ ಹರಡಿತು. ಆ ಕಾಲದಲ್ಲಿ ಲಸಿಕೆಯನ್ನು ಸೀಸೆಯಲ್ಲಿಟ್ಟು ಬಹುದೂರ ಸಾಗಿಸುವುದು ಕಷ್ಟ. ಒಂದು ಮಗುವಿಗೆ ಹಾಕಿ, ಎಂಟು ದಿನಗಳ ಮೇಲೆ ಎದ್ದ ಗುಳ್ಳೆಯಿಂದ ರಸವನ್ನು ತೆಗೆದು ಮತ್ತೊಂದು ಮಗುವಿಗೆ ಹಾಕಬೇಕಾಗಿತ್ತು.

ಮೈಸೂರಿನಲ್ಲಿ ಆಗ ಮುಮ್ಮಡಿ ಕೃಷ್ಣರಾಜ ಒಡೆಯರು ಬಾಲಕರು. ೧೭೯೯ರಲ್ಲಿ ಟಿಪ್ಪುವಿನ ಪತನಾನಂತರ ಐದು ವರ್ಷದ ಅವರಿಗೆ ಪಟ್ಟವಾಗಿತ್ತು. ಅವರ ತಂದೆ ಖಾಸಾ ಚಾಮರಾಜ ಒಡೆಯರು ೧೭೯೬ರಲ್ಲಿ ಸಿಡುಬಿನಿಂದಲೇ ತೀರಿಕೊಂಡಿದ್ದರು. ಅರಮನೆಯ ಹಿರಿಯರು ಇಮ್ಮಡಿ ಕೃಷ್ಣರಾಜ ಒಡೆಯರ ವಿಧವೆಯಾದ ಲಕ್ಷ್ಮಮ್ಮಣ್ಣಿಯವರು. ಹೈದರನ ಕಾಲದಿಂದಲೂ ಪ್ರಧಾನಿ ತಿರುಮಲರಾಯರ ಮೂಲಕ ಇಂಗ್ಲಿಷರೊಡನೆ ಗುಟ್ಟಾಗಿ ವ್ಯವಹರಿಸಿ, ಮನೆತನಕ್ಕೆ ರಾಜ್ಯವನ್ನು ತಿರುಗಿ ಪಡೆಯಲು ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹೆಣಗಿದವರು. ಅಪಾಯವನ್ನು ತೂಗಿ ನೋಡುವುದು ಅವರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಾಗಿರಲಿಲ್ಲ.

೧೮೦೫ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರನು ಬರೆದ ಮೂವರು ಸ್ತ್ರೀಯರ ತೈಲಚಿತ್ರವೊಂದುಂಟು. ಬಹುಕಾಲ ಅದರಲ್ಲಿರುವವರ ಗುರುತು ತಿಳಿಯದೆ ನರ್ತಕಿಯರೆಂದು ಭಾವಿಸಿದ್ದರು. ಅವರು ಮೈಸೂರಿನ ರಾಜಮನೆತನದವರೆಂದೂ, ನಡುವಿರುವವರು ಲಕ್ಷ್ಮಮ್ಮಣ್ಣಿಯವರೆಂದೂ, ಇಕ್ಕೆಲದಲ್ಲಿರುವವರು ದೇವಾಜಮ್ಮಣ್ಣಿಯರೆಂಬ ಒಂದೇ ಹೆಸರಿನ ಇಬ್ಬರು ಚಿಕ್ಕ ರಾಣಿಯರೆಂದೂ ಇತಿಹಾಸಜ್ಞ ನೈಜೆಲ್ ಚಾನ್ಸಲರ್ ಅವರು ಪ್ರತಿಪಾದಿಸಿದ್ದಾರೆ. ಕಿರಿಯ ರಾಣಿಯು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು ಹೊಸ ಲಸಿಕೆಯ ಗುರುತನ್ನು ಕಾಣಿಸುವುದಕ್ಕೆಂದೂ, ಹಿರಿಯ ರಾಣಿಯ ಮೂಗುಬಾಯಿಗಳ ಸುತ್ತ ಬಣ್ಣಗೆಟ್ಟಿರುವುದು ಹಳೆಯ ಪದ್ಧತಿಯಂತೆ ಹೊಪ್ಪಳೆಯ ಪುಡಿಯನ್ನು ಮೂಗಿಗೆ ಊದಿದುದರ ಕುರುಹೆಂದೂ ಅವರ ಮತ. ರಾಣಿಯು ಲಸಿಕೆ ಪಡೆದುದನ್ನು ನೋಡಿ ಜನರು ಮುಂದೆ ಬಂದರೆಂಬ ೧೮೦೬ರ ಲೇಖವನ್ನೂ ಅವರು ಆಧಾರವಾಗಿ ಕೊಟ್ಟಿದ್ದಾರೆ.

ಈ ಅಭಿಪ್ರಾಯವನ್ನು ಅಂಗೀಕರಿಸಿದರೆ ಚಿತ್ರದ ಸ್ವಾರಸ್ಯವು ಕೇವಲ ಲಸಿಕೆಯ ಪ್ರಚಾರದಲ್ಲಿ ಇಲ್ಲ. ಒಂದೇ ಮನೆಯಲ್ಲಿ ಹಳೆಯ ವಿಧಾನವೂ ಹೊಸ ವಿಧಾನವೂ ಅಕ್ಕಪಕ್ಕದಲ್ಲಿ ನಿಂತಿವೆ. ಎರಡರ ನಡುವೆ ವೃದ್ಧಸ್ತ್ರೀಯೊಬ್ಬರು. ಕಂಪೆನಿಯವರಿಗೆ ಬೇಕಾದುದು ಎಲ್ಲರೂ ಕಾಣುವಂತಹ ನಿದರ್ಶನ. ಅರಮನೆಗೆ ಬೇಕಾದುದು ವಂಶದ ಉಳಿವು. ಒಬ್ಬ ದೊರೆಯನ್ನು ಸಿಡುಬಿಗೆ ತೆತ್ತ ಮನೆಯಲ್ಲಿ, ಹೊಸದಾಗಿ ಬಂದ ಸೊಸೆಯ ತೋಳಿನ ಗಾಯವು ರಾಜ್ಯದ ವಿಷಯವೇ ಆಗಿತ್ತು. ಇಲ್ಲಿ ಪ್ರಶ್ನೆಯನ್ನು 'ಸ್ತ್ರೀಯೋ ಪುರುಷನೋ' ಎಂದು ಕೇಳಿದರೆ ಸಾಲದು. ಹಿರಿಯ ಸ್ತ್ರೀಯು ಕಿರಿಯ ಸ್ತ್ರೀಯ ಮೈಯನ್ನು ಕುರಿತು ನಿಶ್ಚಯಿಸುತ್ತಾಳೆ. ಬಾಲಕಿಯಾದ ರಾಣಿಯ ಪಾಲಿಗೆ ಉಳಿದದ್ದು ತೋಳನ್ನು ಕೊಡುವುದು, ಆಮೇಲೆ ಚಿತ್ರಕಾರನಿಗೆ ತೋರಿಸುವುದು. ಅಂತಃಪುರದ ಅಧಿಕಾರವೂ ಅಧಿಕಾರವೇ ಎಂಬುದನ್ನು ಮರೆಯಲಾಗದು.

ಅರಮನೆಯ ಹೊರಗೆ ಸಂಗತಿ ಬೇರೆಯಾಗಿತ್ತು. ಹಳ್ಳಿಯ ಮನೆಯಲ್ಲಿ ಅಮ್ಮ ಬಂದಳೆಂದರೆ ಬಾಗಿಲಿಗೆ ಬೇವಿನ ಸೊಪ್ಪು ಏರುತ್ತಿತ್ತು. ಅಡಿಗೆಯಲ್ಲಿ ಒಗ್ಗರಣೆ ನಿಲ್ಲುತ್ತಿತ್ತು. ತಂಪಾದ ಆಹಾರ, ಮೆಲುಮಾತು, ಹೊರಗಿನವರ ಸಂಚಾರಕ್ಕೆ ತಡೆ, ಕೊನೆಗೆ ಅಮ್ಮ ಇಳಿದ ಮೇಲೆ ಬೇವು ಅರಿಸಿನ ಕೂಡಿಸಿ ನೀರೆರೆಯುವುದು. ಈ ಕ್ರಮವನ್ನೆಲ್ಲ ನಡೆಸುವವಳು ಮನೆಯ ಹೆಂಗಸು. ಇದರಲ್ಲಿ ರೋಗಿಯನ್ನು ಪ್ರತ್ಯೇಕಿಸುವ ವಿವೇಕವೂ ಇತ್ತು, ರೋಗವನ್ನು ತಡೆಯಲಾರದ ಅಶಕ್ತಿಯೂ ಇತ್ತು. ಇಂತಹ ಮನೆಗೆ ಸರ್ಕಾರದ ದೇವಿ ಹಾಕುವವನು ಬಂದಾಗ ಅವನು ಮಾತಾಡುತ್ತಿದ್ದುದು ಜಗಲಿಯ ಮೇಲೆ, ಪಟೇಲನೊಡನೆ ಅಥವಾ ಯಜಮಾನನೊಡನೆ. ಯಜಮಾನನು 'ಆಗಲಿ ಬುದ್ಧೀ' ಎಂದು ಒಪ್ಪಿಕೊಳ್ಳುವನು. ಒಳಗಿನಿಂದ ಮಗು ಹೊರಕ್ಕೆ ಬಾರದು. ತಾಯಿಯ ಆಕ್ಷೇಪಣೆಗಳಲ್ಲಿ ದೇವತೆಯ ಕೋಪವೊಂದೇ ಇರಲಿಲ್ಲ. ತನ್ನ ಮಗುವಿಗೆ ಹಾಕಿ ಎಂಟು ದಿನಗಳ ಮೇಲೆ ತಿರುಗಿ ಬಂದು, ಉರಿಯುತ್ತಿರುವ ಗುಳ್ಳೆಯನ್ನು ಒಡೆದು ಬೇರೆ ಮಕ್ಕಳಿಗಾಗಿ ರಸ ತೆಗೆಯುವುದನ್ನು ಯಾವ ತಾಯಿ ಸಂತೋಷದಿಂದ ಒಪ್ಪುವಳು? ಯಾವ ಜಾತಿಯ, ಯಾವ ಕಾಯಿಲೆಯ ಮಗುವಿನ ರಸವು ತನ್ನ ಮಗುವಿನ ಮೈಗೆ ಬಂದಿತೆಂಬ ಶಂಕೆಯೂ ಇತ್ತು. ಆ ಶಂಕೆಯ ಎರಡನೆಯ ಭಾಗವು ಅಂಧವಿಶ್ವಾಸವಲ್ಲ. ತೋಳಿನಿಂದ ತೋಳಿಗೆ ಹಾಕುವುದರಿಂದ ಬೇರೆ ರೋಗಗಳೂ ಅಂಟಬಹುದೆಂದು ಯೂರೋಪಿನ ವೈದ್ಯರೇ ಮುಂದೆ ಒಪ್ಪಿಕೊಂಡರು. ಇಂಗ್ಲೆಂಡಿನಲ್ಲಿ ೧೮೯೮ರಲ್ಲಿ ಆ ವಿಧಾನವನ್ನು ಕೈಬಿಟ್ಟು ಕರುವಿನ ಲಸಿಕೆಯನ್ನು ಬಳಕೆಗೆ ತಂದರು. ಲೇಡಿ ಮೇರಿಯು ದಾದಿಯನ್ನು ನೆನೆದು ಮಗಳಿಗೆ ಹಾಕಿಸದಿದ್ದುದನ್ನು ದೂರದೃಷ್ಟಿಯೆಂದು ಹೊಗಳುವವರು, ಹಳ್ಳಿಯ ತಾಯಿಯು ಮಗುವನ್ನು ಬಚ್ಚಿಟ್ಟುದನ್ನು ಮೌಢ್ಯವೆಂದು ಬಿಡುವುದು ನ್ಯಾಯವಲ್ಲ. ಆಕೆಯ ನಿಶ್ಚಯದಿಂದ ಎಷ್ಟೋ ಮಕ್ಕಳು ಸತ್ತುದು ನಿಜ. ಆದರೆ ಅವಳನ್ನು ಕೂರಿಸಿಕೊಂಡು ಯಾರಾದರೂ ವಿವರಿಸಿ ಹೇಳಿದ್ದರೆ ಎಂಬುದನ್ನೂ ಕೇಳಬೇಕಾಗುತ್ತದೆ.

ಯಜಮಾನನ ಒಪ್ಪಿಗೆಯನ್ನೇ ಮನೆಯ ಒಪ್ಪಿಗೆಯೆಂದು ತಿಳಿಯುವ ಅಭ್ಯಾಸವು ಹಿಂದೂಸ್ಥಾನಕ್ಕೆ ಮಾತ್ರ ಸೇರಿದುದಲ್ಲ. ಇಂಗ್ಲೆಂಡಿನಲ್ಲಿ ೧೮೫೩ರ ಕಾಯಿದೆಯು ಶಿಶುಗಳಿಗೆ ಲಸಿಕೆಯನ್ನು ಕಡ್ಡಾಯಮಾಡಿತು. ವಿರೋಧವು ಬಲವಾಗಿ, ೧೮೮೫ರಲ್ಲಿ ಲೆಸ್ಟರ್ ನಗರದಲ್ಲಿ ದೊಡ್ಡ ಮೆರವಣಿಗೆ ನಡೆಯಿತು. ೧೮೯೮ರ ಕಾಯಿದೆಯು, ಲಸಿಕೆಯು ಮಗುವಿಗೆ ಹಾನಿಕರವೆಂದು ಮನಃಪೂರ್ವಕವಾಗಿ ನಂಬುವ ತಂದೆ ಅಥವಾ ತಾಯಿ ನ್ಯಾಯಾಧಿಪತಿಗಳಿಗೆ ಅದನ್ನು ಮನಗಾಣಿಸಿದರೆ ವಿನಾಯಿತಿಯುಂಟೆಂದು ವಿಧಿಸಿತು. ಅಲ್ಲಿಯೂ ಕೆಲವು ನ್ಯಾಯಾಧಿಪತಿಗಳು ತಾಯಂದಿರು ಬಂದಾಗ ಅರ್ಜಿಯನ್ನು ತಿರಸ್ಕರಿಸಿ, ತಂದೆಯನ್ನು ಕಳುಹಿಸೆಂದರು. ಮಗುವಿನ ತೋಳನ್ನು ಹಿಡಿದುಕೊಳ್ಳಬೇಕಾದವಳು ತಾಯಿ. ಅಂತಃಸಾಕ್ಷಿಯನ್ನು ಹೇಳಬೇಕಾದವನು ಮಾತ್ರ ತಂದೆ! ೧೯೦೭ರ ಕಾಯಿದೆಯು ಬರಿಯ ಪ್ರಮಾಣಪತ್ರದಿಂದಲೇ ವಿನಾಯಿತಿಯನ್ನು ಪಡೆಯಲು ಅವಕಾಶ ಕೊಟ್ಟ ಮೇಲೆ ಈ ವಿಚಾರಣೆಯು ತಪ್ಪಿತು.

ಸಿಡುಬು ಲೋಕದಿಂದ ನಿರ್ಮೂಲವಾಯಿತೆಂದು ೧೯೮೦ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಘೋಷಿಸಿತು. ಅದರ ಚರಿತ್ರೆಯನ್ನು ಹೇಳುವ ಕಲ್ಲುಗಳು ಇಂಗ್ಲೆಂಡಿನಲ್ಲಿ ಹಲವುಂಟು. ಅವುಗಳಲ್ಲಿ ಎರಡು ಈ ವಿಚಾರಕ್ಕೆ ಸಂಬಂಧಪಟ್ಟವು. ಲಿಚ್‌ಫೀಲ್ಡಿನ ದೊಡ್ಡ ದೇವಾಲಯದಲ್ಲಿ ಲೇಡಿ ಮೇರಿಯ ಸ್ಮಾರಕವಿದೆ. ಅದನ್ನು ೧೭೮೯ರಲ್ಲಿ ನಿಲ್ಲಿಸಿದವಳು ಹೆನ್ರಿಯೆಟಾ ಇಂಜ್ ಎಂಬ ವಿಧವೆ. ಕೀವು ಹಾಕಿಸಿಕೊಂಡು ತಾನು ಬದುಕಿದ ಕೃತಜ್ಞತೆಗಾಗಿ. ಮತ್ತೊಂದು, ದಕ್ಷಿಣ ತೀರದ ವರ್ತ್ ಮಟ್ರಾವರ್ಸ್ ಎಂಬ ಹಳ್ಳಿಯಲ್ಲಿ ಬೆಂಜಮಿನ್ ಜೆಸ್ಟಿ ಎಂಬ ಒಕ್ಕಲಿಗನ ಸಮಾಧಿ. ಜೆನ್ನರನಿಗಿಂತ ಇಪ್ಪತ್ತೆರಡು ವರ್ಷ ಮುಂಚೆ, ೧೭೭೪ರಲ್ಲಿ, ಅವನು ಹಸುವಿನ ಸಿಡುಬಿನ ರಸವನ್ನು ಕಾಲುಚೀಲ ಹೆಣೆಯುವ ಸೂಜಿಯಿಂದ ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಹಾಕಿದನು. ತನಗೆ ಹಿಂದೆಯೇ ಆ ರೋಗ ಬಂದಿದ್ದುದರಿಂದ ಅವನು ಹಾಕಿಕೊಳ್ಳಲಿಲ್ಲ. ಮಕ್ಕಳಿಗೆ ಏನೂ ಆಗಲಿಲ್ಲ. ಹೆಂಡತಿ ಎಲಿಜಬೆತ್ತಳ ತೋಳು ಊದಿಕೊಂಡು ಪ್ರಾಣಕ್ಕೆ ಬಂದು, ಕಷ್ಟದಿಂದ ಗುಣವಾಯಿತು. ೧೮೧೬ರಲ್ಲಿ ಸತ್ತ ಜೆಸ್ಟಿಯ ಸಮಾಧಿಯ ಕಲ್ಲಿನಲ್ಲಿ, ಹೆಂಡತಿಮಕ್ಕಳ ಮೇಲೆ ಈ ಪರೀಕ್ಷೆಯನ್ನು ನಡೆಸಿದ ಅವನ ಮನೋಬಲವನ್ನು ಹೊಗಳಿ ಕೆತ್ತಿದೆ. ಎಲಿಜಬೆತ್ತಳು ಅವನಾದ ಮೇಲೆ ಎಂಟು ವರ್ಷ ಬದುಕಿದ್ದು, ೧೮೨೪ರಲ್ಲಿ ಅವನ ಮಗ್ಗುಲಲ್ಲಿಯೇ ಮಣ್ಣಾದಳು.